ಇಸಿಜಿ ಓದುವುದು ಡಾಕ್ಟರ್‌ಗೆ ಮಾತ್ರ ಗೊತ್ತೇ? ನರ್ಸ್‌ಗಳು ಹೃದಯದ ಲಯ ಗುರುತಿಸಲು ಕಲಿಯುವ ಬಗೆ

ಇಸಿಜಿ ಬಗ್ಗೆ ನಮ್ಮಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ನರ್ಸ್ ಕೆಲಸ ತಂತಿ ಸಿಕ್ಕಿಸಿ ಕಾಗದ ಹರಿದು ಕೊಡುವುದು, ಅದರಲ್ಲಿ ಏನಿದೆ ಎಂದು ನೋಡುವುದು ಡಾಕ್ಟರ್ ಕೆಲಸ ಎಂಬುದು ಆ ನಂಬಿಕೆ. ಹಗಲು ಹನ್ನೊಂದು ಗಂಟೆಗೆ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇದು ಬಹುಮಟ್ಟಿಗೆ ನಿಜ. ಆದರೆ ಎದೆನೋವು ಗಂಟೆ ನೋಡಿಕೊಂಡು ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ತಾಲೂಕು ಆಸ್ಪತ್ರೆಯ ಬಾಗಿಲಿಗೆ ರೋಗಿ ಬಂದಾಗ, ಅಥವಾ ವಾರ್ಡಿನಲ್ಲಿ ಮಲಗಿದ್ದವರ ಮಾನಿಟರ್ ಕೂಗಿಕೊಂಡಾಗ, ಆ ಗೆರೆಗಳ ಮೇಲೆ ಮೊದಲು ಕಣ್ಣು ಬೀಳುವುದು ನರ್ಸ್‌ದೇ. ಡ್ಯೂಟಿ ಡಾಕ್ಟರ್ ಹೆರಿಗೆ ಕೋಣೆಯಲ್ಲೋ ಅಪಘಾತದ ಗಾಯಾಳುವಿನ ಬಳಿಯೋ ಇರಬಹುದು. ಅವರನ್ನು ಈ ಕ್ಷಣವೇ ಕರೆಯಬೇಕೇ, ಐದು ನಿಮಿಷ ತಡೆಯಬಹುದೇ ಎಂದು ತೀರ್ಮಾನಿಸಬೇಕಾದವರು ಸಿಸ್ಟರ್.

ಬಳ್ಳಾರಿ ಜಿಲ್ಲೆಯನ್ನೇ ನೋಡಿ. ಕೌಲ್ ಬಜಾರ್‌ನಲ್ಲಿ ಇರುವವರಿಗೆ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಆಟೋದಲ್ಲಿ ಹೋಗಿಬಿಡಬಹುದು. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಆರಂಭವಾದ ಈ ಸಂಸ್ಥೆ ಸುತ್ತಲಿನ ಜಿಲ್ಲೆಗಳಿಗೂ ದೊಡ್ಡಾಸ್ಪತ್ರೆ. ಆದರೆ ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರ್‌ಗೂ ಹೆಚ್ಚು ದಾರಿ. ಕುರುಗೋಡು ಹತ್ತಿರವೆಂದರೂ ಮೂವತ್ತು ಕಿಲೋಮೀಟರ್‌ನಷ್ಟು. ಭತ್ತದ ಗದ್ದೆ ಬಯಲಿನ ಹಳ್ಳಿಗಳಿಂದ ಹೊರಟವರಿಗೆ ಇನ್ನೂ ದೂರ. ಈ ದಾರಿಯ ಆರಂಭದಲ್ಲಿ ಸಿಗುವ ನರ್ಸ್‌ಗೆ ಇಸಿಜಿ ಎಷ್ಟು ಅರ್ಥವಾಗುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

ಹಾಗಾದರೆ ಅವರು ಇದನ್ನು ಕಲಿಯುವುದು ಹೇಗೆ? ಎಷ್ಟು ಕಲಿತರೆ ಸಾಕು?

ಇಸಿಜಿ ಕರೆಂಟ್ ಕೊಡುವುದಿಲ್ಲ, ಕರೆಂಟ್ ಕೇಳಿಸಿಕೊಳ್ಳುತ್ತದೆ

ಮೊದಲು ಒಂದು ಸಣ್ಣ ಭಯವನ್ನು ಬಗೆಹರಿಸೋಣ. ಇಸಿಜಿ ಮಾಡುವಾಗ ಶಾಕ್ ಹೊಡೆಯುತ್ತದೆಯೇ ಎಂದು ಕೇಳುವ ಹಿರಿಯರು ಈಗಲೂ ಇದ್ದಾರೆ. ಇಸಿಜಿ ಯಂತ್ರ ದೇಹಕ್ಕೆ ಕರೆಂಟ್ ಹಾಯಿಸುವುದಿಲ್ಲ. ಹೃದಯದ ಪ್ರತಿ ಬಡಿತಕ್ಕೂ ಮುನ್ನ ಅದರ ಸ್ನಾಯುವಿನಲ್ಲಿ ಹುಟ್ಟುವ ತೀರಾ ಸಣ್ಣ ವಿದ್ಯುತ್ ಅಲೆಯನ್ನು ಚರ್ಮದ ಮೇಲಿಂದ ಅಳೆದು ಕಾಗದದ ಮೇಲೆ ಬರೆಯುತ್ತದೆ, ಅಷ್ಟೇ. ಆ ವಿದ್ಯುತ್ತಿನ ಪ್ರಮಾಣ ವೋಲ್ಟಿನ ಸಾವಿರದಲ್ಲೊಂದು ಭಾಗದ, ಅಂದರೆ ಮಿಲಿವೋಲ್ಟ್ ಲೆಕ್ಕದ್ದು.

ಮನುಷ್ಯರ ಹೃದಯದ ಈ ಅಲೆಯನ್ನು ಮೊದಲು ದಾಖಲಿಸಿದವರು ಲಂಡನ್ನಿನ ಆಗಸ್ಟಸ್ ವಾಲರ್, 1887ರಲ್ಲಿ. ಅದನ್ನು ಆಸ್ಪತ್ರೆಗೆ ಉಪಯೋಗವಾಗುವಷ್ಟು ಸ್ಪಷ್ಟವಾಗಿ ಬರೆಯುವ ಯಂತ್ರ ಮಾಡಿದವರು ನೆದರ್‌ಲ್ಯಾಂಡ್ಸ್‌ನ ವಿಲ್ಲೆಮ್ ಐಂಥೋವನ್. 20ನೇ ಶತಮಾನದ ಮೊದಲ ವರ್ಷಗಳ ಈ ಕೆಲಸಕ್ಕಾಗಿ ಅವರಿಗೆ 1924ರಲ್ಲಿ ನೊಬೆಲ್ ಬಹುಮಾನ ಬಂತು. ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಅವರು ಇಟ್ಟ ಹೆಸರುಗಳನ್ನೇ ಇಂದಿಗೂ ನರ್ಸಿಂಗ್ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ.

ಇವುಗಳ ಅರ್ಥ ಸರಳ. ಪಿ ಅಲೆ ಎಂದರೆ ಹೃದಯದ ಮೇಲಿನ ಕೋಣೆಗಳಿಗೆ ಸಂಕೇತ ಹೋಯಿತು ಎಂದು. ಕ್ಯೂಆರ್‌ಎಸ್ ಎಂಬ ಚೂಪಾದ ಶಿಖರವೆಂದರೆ ಕೆಳಗಿನ ದೊಡ್ಡ ಕೋಣೆಗಳಿಗೆ ಸಂಕೇತ ತಲುಪಿತು ಎಂದು. ಟಿ ಅಲೆ ಎಂದರೆ ಆ ಕೋಣೆಗಳು ಮುಂದಿನ ಬಡಿತಕ್ಕೆ ಮತ್ತೆ ಸಜ್ಜಾದವು ಎಂದು.

ನರ್ಸ್‌ಗಳ ಕೈಗೆ ಈ ಕೆಲಸ ಬಂದದ್ದು ಯಾವಾಗ?

1960ರ ತನಕ ಇಸಿಜಿ ಓದುವುದು ಬಹುಮಟ್ಟಿಗೆ ವೈದ್ಯರ ಸ್ವತ್ತೇ ಆಗಿತ್ತು. ಹೃದಯಾಘಾತವಾದವರನ್ನು ಸಾಮಾನ್ಯ ವಾರ್ಡಿನಲ್ಲಿ ಮಲಗಿಸಿ ವಿಶ್ರಾಂತಿ ಕೊಡುತ್ತಿದ್ದರು. ಅವರಲ್ಲಿ ಅನೇಕರು ಸಾಯುತ್ತಿದ್ದದ್ದು ಹೃದಯದ ಲಯ ಹಠಾತ್ತಾಗಿ ಕೆಟ್ಟು. ಆ ಹೊತ್ತಿಗೆ ಎದೆಯ ಮೇಲಿನಿಂದಲೇ ಶಾಕ್ ಕೊಟ್ಟು ಲಯ ಸರಿಪಡಿಸಬಹುದು ಎಂಬುದು 1956ರಲ್ಲೂ, ಎದೆ ಒತ್ತಿ ರಕ್ತ ಸಂಚಾರ ಕಾಪಾಡಬಹುದು ಎಂಬುದು 1960ರಲ್ಲೂ ಪ್ರಕಟವಾಗಿದ್ದವು. ಚಿಕಿತ್ಸೆ ಇತ್ತು. ಆದರೆ ಅದು ಬೇಕಾದ ಗಳಿಗೆಯಲ್ಲಿ ಡಾಕ್ಟರ್ ಹಾಸಿಗೆಯ ಪಕ್ಕ ಇರುತ್ತಿರಲಿಲ್ಲ.

ಇಂಥ ರೋಗಿಗಳನ್ನೆಲ್ಲ ಒಂದೇ ಕಡೆ ಇಟ್ಟು, ಮಾನಿಟರ್ ಹಾಕಿ, ತರಬೇತಿ ಪಡೆದ ಸಿಬ್ಬಂದಿಯಿಂದ ಸದಾ ಗಮನಿಸಬೇಕೆಂದು 1961ರಲ್ಲಿ ಬ್ರಿಟನ್ನಿನ ವೈದ್ಯ ಡೆಸ್ಮಂಡ್ ಜೂಲಿಯನ್ ಸೂಚಿಸಿದರು. 1962ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಹ್ಯೂಸ್ ಡೇ ಅಂಥ ಘಟಕ ತೆರೆದರು. ಅದೇ ಸುಮಾರಿಗೆ ಫಿಲಡೆಲ್ಫಿಯಾದಲ್ಲಿ ಡಾ. ಲಾರೆನ್ಸ್ ಮೆಲ್ಟ್ಜರ್ ಮತ್ತು ನರ್ಸ್ ರೋಸ್ ಪಿನಿಯೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಾನಿಟರ್‌ನಲ್ಲಿ ಲಯವನ್ನು ಗುರುತಿಸುವುದನ್ನೂ, ಡಾಕ್ಟರ್ ಬರುವ ಮುನ್ನವೇ ಶಾಕ್ ಕೊಡುವುದನ್ನೂ ನರ್ಸ್‌ಗಳಿಗೆ ಕಲಿಸಿದರು. ನರ್ಸ್‌ಗಳಿಗಾಗಿಯೇ ಬರೆದ ಅವರ ಕೈಪಿಡಿ 1965ರಲ್ಲಿ ಬಂತು. ಆ ಕಾಲಕ್ಕೆ ಇದು ದೊಡ್ಡ ವಿವಾದ. ನರ್ಸ್ ರೋಗನಿರ್ಣಯ ಮಾಡಬಹುದೇ ಎಂಬ ಆಕ್ಷೇಪ ಎದ್ದಿತ್ತು. ಆದರೆ ಇಂಥ ಘಟಕಗಳು ಬಂದ ಮೇಲೆ ಆಸ್ಪತ್ರೆಯೊಳಗಿನ ಹೃದಯಾಘಾತದ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ವಾದಕ್ಕೆ ಅದೇ ಉತ್ತರವಾಯಿತು.

ಆಗಿನಿಂದ ಒಂದು ಗೆರೆ ಸ್ಪಷ್ಟವಾಗಿದೆ. ಕಾಯಿಲೆ ಇಂಥದ್ದೇ ಎಂದು ಹೇಳಿ ಔಷಧ ಬರೆಯುವುದು ವೈದ್ಯರ ಕೆಲಸ. ಅಪಾಯದ ಲಯವನ್ನು ಗುರುತಿಸಿ, ತಿಳಿಸಿ, ಆಸ್ಪತ್ರೆಯ ನಿಯಮದಂತೆ ಜೀವ ಉಳಿಸುವ ಮೊದಲ ಕ್ರಮ ಶುರುಮಾಡುವುದು ನರ್ಸ್ ಕೆಲಸ.

ಎಲ್ಲ ನರ್ಸ್‌ಗಳ ಓದು ಒಂದೇ ಅಲ್ಲ

ಬಿಳಿ ಕೋಟು ಹಾಕಿದವರೆಲ್ಲ ನಮಗೆ ಸಿಸ್ಟರ್. ಆದರೆ ಅವರ ಓದು ಬೇರೆಬೇರೆ. ಎಎನ್‌ಎಂ ಎರಡು ವರ್ಷದ ಕೋರ್ಸು. ತಾಯಿ-ಮಗುವಿನ ಆರೈಕೆ, ಹೆರಿಗೆ, ಲಸಿಕೆ, ಹಳ್ಳಿಯ ಆರೋಗ್ಯ ಇದರ ತಿರುಳು. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಅಮೆರಿಕದಲ್ಲಿ ಪ್ರಾಕ್ಟಿಕಲ್ ನರ್ಸ್ ಎಂಬ ವರ್ಗವಿದೆ. ಕಡಿಮೆ ಅವಧಿಯ ಕೋರ್ಸ್ ಮುಗಿಸಿ ಹಾಸಿಗೆ ಪಕ್ಕದ ಆರೈಕೆಗೆ ಇಳಿಯುವವರು ಅವರು. ನಮ್ಮಲ್ಲಿ ಅದಕ್ಕೆ ಸರಿಸಮನಾದ ಒಂದೇ ಹೆಸರಿಲ್ಲ. ಸಣ್ಣ ನರ್ಸಿಂಗ್ ಹೋಂಗಳಲ್ಲಿ ಎಎನ್‌ಎಂ ಓದಿದವರೂ, ಜಿಎನ್‌ಎಂ ಓದಿದವರೂ ಪಕ್ಕಪಕ್ಕದಲ್ಲೇ ಕೆಲಸ ಮಾಡುತ್ತಾರೆ.

ಜಿಎನ್‌ಎಂ, ಬಿ.ಎಸ್ಸಿ. ಪಠ್ಯದಲ್ಲಿ ಹೃದ್ರೋಗ ಶುಶ್ರೂಷೆಯ ಭಾಗವಾಗಿ ಇಸಿಜಿ ಬರುತ್ತದೆ. ಆದರೆ ಪರೀಕ್ಷೆಯಲ್ಲಿ ಅಲೆಯ ಚಿತ್ರ ಬರೆದು ಭಾಗ ಗುರುತಿಸುವುದು ಬೇರೆ, ಬೆವರುತ್ತ ಮಿಸುಕಾಡುವ ರೋಗಿಯ ಪಟ್ಟಿ ಓದುವುದು ಬೇರೆ. ಎರಡನೆಯದನ್ನು ಕಲಿಯುವುದು ಐಸಿಯು, ತುರ್ತು ಚಿಕಿತ್ಸಾ ವಿಭಾಗಗಳಲ್ಲಿ, ಹಿರಿಯ ಸಿಸ್ಟರ್ ಪಕ್ಕ ನಿಂತು. ಅಲ್ಲಿ ಪೋಸ್ಟಿಂಗ್ ಸಿಗದವರಿಗೆ ಆ ಪಾಠ ಅರ್ಧಕ್ಕೇ ನಿಂತಿರುತ್ತದೆ.

ಮೊದಲ ಪಾಠ ಓದುವುದಲ್ಲ, ಅಂಟಿಸುವುದು

ಚೆನ್ನಾಗಿ ಕಲಿಸುವವರು ಅಲೆಗಳಿಂದ ಶುರುಮಾಡುವುದಿಲ್ಲ, ತಂತಿಗಳಿಂದ ಶುರುಮಾಡುತ್ತಾರೆ. ತಪ್ಪು ಜಾಗದಿಂದ ಬರೆದ ಇಸಿಜಿಯನ್ನು ಎಂಥ ತಜ್ಞರೂ ಸರಿಯಾಗಿ ಓದಲಾರರು.

ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು, ಒಟ್ಟು ಹತ್ತು ತಂತಿ. ನಮ್ಮಲ್ಲಿ ಬಳಸುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಕೆಂಪು, ಹಳದಿ, ಹಸಿರು ಎಂದು ಟ್ರಾಫಿಕ್ ಸಿಗ್ನಲ್ ಕ್ರಮದಲ್ಲಿ ನೆನಪಿಡುತ್ತಾರೆ. ಎದೆಯ ಮೊದಲ ಎರಡು, ಅಂದರೆ ವಿ1 ಮತ್ತು ವಿ2, ಎದೆಮೂಳೆಯ ಬಲಕ್ಕೂ ಎಡಕ್ಕೂ, ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ ಕೂರಬೇಕು. ಬೆರಳಿನಲ್ಲಿ ಪಕ್ಕೆಲುಬು ಎಣಿಸದೆ ಅಂದಾಜಿಗೆ ಇಟ್ಟರೆ ಇವು ಮೇಲಕ್ಕೆ ಹೋಗಿಬಿಡುತ್ತವೆ. ಹಾಗಾದಾಗ ಇಲ್ಲದ ಹಳೆಯ ಹೃದಯಾಘಾತ ಇದ್ದಂತೆ ಕಾಣಬಹುದು. ಎರಡೂ ಕೈಗಳ ತಂತಿ ಅದಲುಬದಲಾದರೆ ಮೊದಲನೇ ಲೀಡ್‌ನಲ್ಲಿ ಎಲ್ಲವೂ ತಲೆಕೆಳಗಾಗುತ್ತದೆ. ಮೊದಲನೇ ಲೀಡ್‌ನಲ್ಲಿ ಪಿ ಅಲೆ ಕೆಳಮುಖವಾಗಿದ್ದರೆ ರೋಗವನ್ನು ಹುಡುಕುವ ಮೊದಲು ತಂತಿ ನೋಡು ಎಂಬುದು ವಾರ್ಡಿನ ಮೊದಲ ಪಾಠಗಳಲ್ಲೊಂದು.

ಬಳ್ಳಾರಿಯಂಥ ಊರಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಎದೆ ಬೆವರಿ ಎಲೆಕ್ಟ್ರೋಡ್ ಜಾರುತ್ತದೆ. ಬೆವರು ಒರೆಸಿ, ಬೇಕಿದ್ದರೆ ಕೂದಲು ತೆಗೆದು, ಜೆಲ್ ಹಚ್ಚಿ ಅಂಟಿಸಬೇಕು. ಆದರೂ ಗೆರೆ ದಪ್ಪವಾಗಿ ನಡುಗಿದರೆ, ಗೋಡೆಯ ವೈರಿಂಗಿನ 50 ಹರ್ಟ್ಸ್ ಕರೆಂಟ್ ಸೇರಿಕೊಂಡಿರಬಹುದು. ಪಕ್ಕದ ಫ್ಯಾನ್ ಅಥವಾ ಮೊಬೈಲ್ ಚಾರ್ಜರ್ ತೆಗೆದು ಮತ್ತೆ ನೋಡುತ್ತಾರೆ.

ಮತ್ತೊಂದು ತೊಡಕು ಸಂಕೋಚದ್ದು. ಎದೆ ಮೇಲಿನ ಬಟ್ಟೆ ಸರಿಸಲು ಹೆಂಗಸರು ಹಿಂಜರಿಯುತ್ತಾರೆ. ಸೀರೆ, ಬುರ್ಖಾ ಮೇಲಿಂದಲೇ ಅಂದಾಜಿಗೆ ಇಟ್ಟ ತಂತಿ ಸರಿಯಾದದ್ದನ್ನು ಬರೆಯುವುದಿಲ್ಲ. ಪರದೆ ಎಳೆದು, ಏಕೆ ಬೇಕೆಂದು ಎರಡು ಮಾತು ಹೇಳಿ, ಸ್ತನದ ಕೆಳಗೆ ಸರಿಯಾದ ಜಾಗಕ್ಕೆ ತಂತಿ ಇಡುವ ಮಹಿಳಾ ನರ್ಸ್ ಇದ್ದರೆ ಆ ಇಸಿಜಿಗೆ ಬೆಲೆ ಬರುತ್ತದೆ. ಇದು ಯಾವ ಯಂತ್ರದಿಂದಲೂ ಆಗದ ಕೆಲಸ.

ಚೌಕ ಎಣಿಸುವ ಮಗ್ಗಿ

ಇಸಿಜಿ ಕಾಗದ ಸಾಮಾನ್ಯವಾಗಿ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಹಾಗಾಗಿ ಒಂದು ಸಣ್ಣ ಚೌಕ ಎಂದರೆ 0.04 ಸೆಕೆಂಡು. ಐದು ಸಣ್ಣ ಚೌಕ ಸೇರಿದ ದೊಡ್ಡ ಚೌಕ 0.2 ಸೆಕೆಂಡು. ಐದು ದೊಡ್ಡ ಚೌಕ ಒಂದು ಸೆಕೆಂಡು. ಇಷ್ಟು ಗೊತ್ತಾದರೆ ಬಡಿತದ ವೇಗವನ್ನು ಮಗ್ಗಿಯಂತೆ ಹೇಳಬಹುದು. ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಒಂದು ದೊಡ್ಡ ಚೌಕವಿದ್ದರೆ ನಿಮಿಷಕ್ಕೆ 300 ಬಡಿತ, ಎರಡಿದ್ದರೆ 150, ಮೂರಿದ್ದರೆ 100, ನಾಲ್ಕಿದ್ದರೆ 75, ಐದಿದ್ದರೆ 60, ಆರಿದ್ದರೆ 50. 300ನ್ನು ಚೌಕಗಳ ಸಂಖ್ಯೆಯಿಂದ ಭಾಗಿಸಿದ್ದು, ಅಷ್ಟೇ. ಬಡಿತ ಒಂದೇ ಅಂತರದಲ್ಲಿ ಇಲ್ಲದಿದ್ದರೆ ಈ ಲೆಕ್ಕ ಕೈಕೊಡುತ್ತದೆ. ಆಗ 30 ದೊಡ್ಡ ಚೌಕಗಳಲ್ಲಿ, ಅಂದರೆ 6 ಸೆಕೆಂಡಿನಲ್ಲಿ, ಎಷ್ಟು ಶಿಖರ ಬಂದವೆಂದು ಎಣಿಸಿ ಹತ್ತರಿಂದ ಗುಣಿಸುತ್ತಾರೆ.

ನಂತರ ಪ್ರತಿ ಪಟ್ಟಿಗೂ ಅದೇ ಐದು ಪ್ರಶ್ನೆ, ಅದೇ ಕ್ರಮದಲ್ಲಿ:

- ವೇಗ ಎಷ್ಟು? 60ರಿಂದ 100ರ ಒಳಗಿದೆಯೇ?
- ಶಿಖರಗಳ ನಡುವಿನ ಅಂತರ ಸಮವೇ?
- ಪ್ರತಿ ಶಿಖರದ ಮುಂದೆಯೂ ಒಂದು ಪಿ ಅಲೆ ಇದೆಯೇ?
- ಪಿ ಶುರುವಾದಲ್ಲಿಂದ ಕ್ಯೂಆರ್‌ಎಸ್ ಶುರುವಾಗುವವರೆಗೆ ಮೂರರಿಂದ ಐದು ಸಣ್ಣ ಚೌಕದ ಒಳಗಿದೆಯೇ?
- ಕ್ಯೂಆರ್‌ಎಸ್ ಮೂರು ಸಣ್ಣ ಚೌಕಕ್ಕಿಂತ ಕಿರಿದೇ, ಅಗಲವೇ?

ಈ ಕ್ರಮವನ್ನು ಬಿಡದಿರುವುದೇ ಕಲಿಕೆಯ ಗುಟ್ಟು. ಅನುಭವಿಗಳು ಪಟ್ಟಿ ನೋಡಿದೊಡನೆ ಮುಖ ಗುರುತು ಹಿಡಿದಂತೆ ಲಯದ ಹೆಸರು ಹೇಳಿಬಿಡುತ್ತಾರೆ. ಹೊಸಬರು ಅದನ್ನು ಅನುಕರಿಸಲು ಹೋಗಿ ಎಡವುತ್ತಾರೆ. ಒಂದು ಅಸಹಜತೆ ಕಂಡೊಡನೆ ಕಣ್ಣು ಅಲ್ಲೇ ನಿಂತು, ಪಕ್ಕದ ಇನ್ನೊಂದನ್ನು ಬಿಟ್ಟುಬಿಡುತ್ತದೆ.

ನೂರು ಬೇಡ, ಬೆರಳೆಣಿಕೆ ಸಾಕು

ಹೃದ್ರೋಗ ಪುಸ್ತಕಗಳಲ್ಲಿ ಲಯದೋಷಗಳ ಪಟ್ಟಿ ಉದ್ದವಿದೆ. ವಾರ್ಡಿನ ನರ್ಸ್ ತಪ್ಪದೆ ಗುರುತಿಸಬೇಕಾದವು ಕೆಲವೇ.

ಮೊದಲನೆಯದು ಸಹಜ ಲಯ. ಇದರ ಗುರುತು ಗಟ್ಟಿಯಾಗಿದ್ದರೆ, ಹೆಸರು ತಿಳಿಯದ ಲಯ ಬಂದರೂ ಏನೋ ಸರಿಯಿಲ್ಲ ಎಂದು ತಕ್ಷಣ ಹೊಳೆಯುತ್ತದೆ. ಎರಡನೆಯದು ಏಟ್ರಿಯಲ್ ಫಿಬ್ರಿಲೇಶನ್. ಇಲ್ಲಿ ಪಿ ಅಲೆಯೇ ಇರುವುದಿಲ್ಲ, ಶಿಖರಗಳ ಅಂತರದಲ್ಲಿ ಯಾವ ಲೆಕ್ಕವೂ ಇರುವುದಿಲ್ಲ. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಇದರಲ್ಲಿ ಹೆಚ್ಚು. ಮೂರನೆಯದು ಪೂರ್ಣ ಹಾರ್ಟ್ ಬ್ಲಾಕ್. ಪಿ ಅಲೆಗಳು ತಮ್ಮ ಪಾಡಿಗೆ, ಕ್ಯೂಆರ್‌ಎಸ್ ತನ್ನ ಪಾಡಿಗೆ ನಡೆಯುತ್ತವೆ. ಬಡಿತ ತೀರಾ ನಿಧಾನವಾಗಿ ತಲೆ ಸುತ್ತಿ ಬೀಳುತ್ತಾರೆ. ಇಲ್ಲಿ "ಬ್ಲಾಕ್" ಎಂದರೆ ವಿದ್ಯುತ್ ದಾರಿಯ ತಡೆ, ರಕ್ತನಾಳದ ತಡೆಯಲ್ಲ. ಈ ಎರಡನ್ನು ಜನ ಕಲಸಿಬಿಡುತ್ತಾರೆ. ನಾಲ್ಕನೆಯದು ಕೆಳಗಿನ ಕೋಣೆಯಿಂದ ಹುಟ್ಟುವ ಅಗಲ ಶಿಖರಗಳ ಓಟ, ವಿಟಿ. ಐದನೆಯದು ವಿಎಫ್. ಇದರಲ್ಲಿ ಗೆರೆ ಬರೀ ಕಂಪನ, ಹೃದಯ ಪಂಪ್ ಮಾಡುವುದನ್ನೇ ನಿಲ್ಲಿಸಿರುತ್ತದೆ. ಆರನೆಯದು ಚಪ್ಪಟೆ ಗೆರೆ.

ಸಿನಿಮಾದ ಒಂದು ಸುಳ್ಳನ್ನು ಇಲ್ಲೇ ಹೇಳಬೇಕು. ಮಾನಿಟರ್‌ನಲ್ಲಿ ಗೆರೆ ಚಪ್ಪಟೆಯಾಗುತ್ತದೆ, ಡಾಕ್ಟರ್ ಶಾಕ್ ಕೊಡುತ್ತಾರೆ, ನಾಯಕ ಎದ್ದು ಕೂರುತ್ತಾನೆ. ನಿಜದಲ್ಲಿ ಚಪ್ಪಟೆ ಗೆರೆಗೆ ಶಾಕ್ ಕೊಡುವುದಿಲ್ಲ. ಶಾಕ್ ಇರುವುದು ದಿಕ್ಕೆಟ್ಟ ವಿದ್ಯುತ್ತನ್ನು ಒಮ್ಮೆ ನಿಲ್ಲಿಸಿ ಸರಿಯಾದ ಲಯ ಮರಳಲು ಅವಕಾಶ ಕೊಡಲು. ವಿದ್ಯುತ್ತೇ ಇಲ್ಲದ ಕಡೆ ಅದರಿಂದ ಪ್ರಯೋಜನವಿಲ್ಲ. ಅಲ್ಲಿ ಎದೆ ಒತ್ತುವುದು ಮತ್ತು ಅಡ್ರಿನಲಿನ್ ಚುಚ್ಚುಮದ್ದೇ ಚಿಕಿತ್ಸೆ. ಶಾಕ್ ಬೇಕಾದದ್ದು ವಿಎಫ್‌ಗೆ ಮತ್ತು ನಾಡಿ ಸಿಗದ ವಿಟಿಗೆ. ಅಲ್ಲಿ ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಈ ಎರಡನ್ನು ಬೇರ್ಪಡಿಸುವ ಕಣ್ಣು ನರ್ಸ್‌ಗೆ ಇರಲೇಬೇಕು ಎನ್ನುವುದು ಇದಕ್ಕೇ.

ನಮ್ಮ ಭಾಗದ ವಾರ್ಡುಗಳಲ್ಲಿ ಇನ್ನೆರಡು ಗುರುತುಗಳು ಕೆಲಸಕ್ಕೆ ಬರುತ್ತವೆ. ಕಿಡ್ನಿ ಕಾಯಿಲೆಯವರಲ್ಲಿ ಟಿ ಅಲೆ ಡೇರೆಯಂತೆ ಚೂಪಾಗಿ ಎದ್ದರೆ ರಕ್ತದಲ್ಲಿ ಪೊಟ್ಯಾಶಿಯಂ ಏರಿರಬಹುದು. ಕೀಟನಾಶಕ ಕುಡಿದು ಅಥವಾ ಸಿಂಪಡಿಸುವಾಗ ಮೈಗೆ ಸೋಕಿಸಿಕೊಂಡು ಬಂದವರಲ್ಲಿ, ಅದು ಆರ್ಗನೋಫಾಸ್ಫರಸ್ ಜಾತಿಯದ್ದಾದರೆ, ಬಡಿತ ನಿಧಾನವಾಗಬಹುದು. ಕ್ಯೂ ಅಲೆಯಿಂದ ಟಿ ಅಲೆಯ ಕೊನೆಯವರೆಗಿನ ಅಂತರ ಹಿಗ್ಗಬಹುದು. ಹಿಗ್ಗಿದ ಆ ಅಂತರ ಮುಂದೆ ಅಪಾಯದ ಲಯಕ್ಕೆ ದಾರಿ ಮಾಡುತ್ತದೆ.

ಗೆರೆಗಿಂತ ಮೊದಲು ರೋಗಿಯ ಮುಖ

ಮಾನಿಟರ್‌ನಲ್ಲಿ ಅಪಾಯದ ಲಯ ಓಡುತ್ತಿದೆ. ರೋಗಿ ಹಾಸಿಗೆಯಲ್ಲಿ ಕೂತು ಹಲ್ಲುಜ್ಜುತ್ತಿದ್ದಾರೆ. ಇದು ತಮಾಷೆಯಲ್ಲ. ಹಲ್ಲುಜ್ಜುವ ಕೈಯ ಅಲುಗಾಟ ವಿಟಿಯಂತೆಯೇ ಗೆರೆ ಬರೆಯುತ್ತದೆ. ಪಾರ್ಕಿನ್ಸನ್ ಕಾಯಿಲೆಯ ನಡುಕ, ಚಳಿಜ್ವರದ ನಡುಕಗಳೂ ಲಯದೋಷದ ವೇಷ ಹಾಕುತ್ತವೆ. ಇದರ ತಿರುಗುಮುರುಗು ಇನ್ನೂ ಅಪಾಯಕಾರಿ. ಗೆರೆ ಅಂದವಾಗಿ ಓಡುತ್ತಿರುತ್ತದೆ, ಕೈ ಹಿಡಿದರೆ ನಾಡಿಯೇ ಇರುವುದಿಲ್ಲ. ವಿದ್ಯುತ್ ಹರಿಯುತ್ತಿದೆ, ಸ್ನಾಯು ಹಿಂಡುತ್ತಿಲ್ಲ ಎಂದರ್ಥ. ಆದ್ದರಿಂದ ಎಷ್ಟೇ ಪಳಗಿದವರೂ ಮೊದಲು ರೋಗಿಯನ್ನು ಮಾತಾಡಿಸುತ್ತಾರೆ, ನಾಡಿ ಮುಟ್ಟುತ್ತಾರೆ, ಬಿಪಿ ನೋಡುತ್ತಾರೆ. ಆಮೇಲೆ ಗೆರೆ.

ಯಂತ್ರದ ಕೂಗಿಗೂ ಒಂದು ಮಿತಿಯಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಒಂದು ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ನರ್ಸಿಂಗ್ ವಿಜ್ಞಾನಿ ಬಾರ್ಬರಾ ಡ್ರೂ ತಂಡ 77 ಐಸಿಯು ಹಾಸಿಗೆಗಳ ಅಲಾರಂಗಳನ್ನು 31 ದಿನ ಲೆಕ್ಕ ಹಾಕಿತು. 2014ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಒಟ್ಟು ಅಲಾರಂ 25 ಲಕ್ಷಕ್ಕೂ ಹೆಚ್ಚು. ಕಿವಿಗೆ ಕೇಳುವಂಥವು ಹಾಸಿಗೆಗೆ ದಿನಕ್ಕೆ 187. ಪರಿಶೀಲಿಸಿದ ಲಯದೋಷದ ಅಲಾರಂಗಳಲ್ಲಿ ಶೇ 89ರಷ್ಟು ಸುಳ್ಳು. ಇಷ್ಟು ಸುಳ್ಳು ಕೂಗಿನ ನಡುವೆ ಕಿವಿ ಮಂದವಾಗುವುದು ಮನುಷ್ಯ ಸಹಜ. ತೋಳ ಬಂತು ತೋಳ ಕತೆ ಐಸಿಯುವಿನಲ್ಲಿ ದಿನವೂ ನಡೆಯುತ್ತದೆ. ಗೆರೆ ಓದಬಲ್ಲ ನರ್ಸ್ ಮಾತ್ರ ಸುಳ್ಳು ತೋಳವನ್ನೂ ನಿಜ ತೋಳವನ್ನೂ ಬೇರೆ ಮಾಡಬಲ್ಲರು.

ಲಯ ಸರಿಯಿದ್ದರೆ ಹೃದಯ ಸರಿಯೇ?

ಇಲ್ಲ. ಮಾನಿಟರ್ ತೋರಿಸುವ ಲಯ ಒಂದು ವಿಷಯ, ರಕ್ತನಾಳ ಕಟ್ಟಿ ಆಗುವ ಹೃದಯಾಘಾತ ಇನ್ನೊಂದು. ಲಯ ಪೂರಾ ಸಹಜವಾಗಿದ್ದೂ ದೊಡ್ಡ ಹೃದಯಾಘಾತ ನಡೆಯುತ್ತಿರಬಹುದು. ಅದನ್ನು ನೋಡಲು 12 ಲೀಡ್‌ಗಳ ಪೂರ್ಣ ಇಸಿಜಿ ಬೇಕು. ಕ್ಯೂಆರ್‌ಎಸ್ ಮುಗಿದು ಟಿ ಶುರುವಾಗುವ ನಡುವಿನ ಎಸ್‌ಟಿ ಭಾಗ ಮೇಲಕ್ಕೆ ಎದ್ದಿದೆಯೇ, ಅದೂ ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ ಎದ್ದಿದೆಯೇ ಎಂದು ನೋಡಬೇಕು. ಎದೆನೋವಿನವರು ಬಂದ 10 ನಿಮಿಷದೊಳಗೆ ಇಸಿಜಿ ತೆಗೆದು ಓದಿಸಬೇಕು ಎಂಬುದು ಎಲ್ಲೆಡೆ ಒಪ್ಪಿದ ಗುರಿ.

ಅಷ್ಟೇ ಮುಖ್ಯವಾದ ಇನ್ನೊಂದು ಮಾತು. ಮೊದಲ ಇಸಿಜಿ ಸಹಜವಾಗಿದ್ದ ಮಾತ್ರಕ್ಕೆ ಹೃದಯಾಘಾತವಿಲ್ಲ ಎನ್ನಲಾಗದು. ನೋವು ಮುಂದುವರಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು, ರಕ್ತದಲ್ಲಿ ಟ್ರೋಪೋನಿನ್ ನೋಡಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ, 2025ರಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ, ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಭಯ ಅರ್ಥವಾಗುವಂಥದ್ದೇ. ಆದರೆ ನೋವಿಲ್ಲದಾಗ ತೆಗೆದ ಒಂದು ಇಸಿಜಿ ಆ ಹತ್ತು ಸೆಕೆಂಡಿನ ಚಿತ್ರ ಮಾತ್ರ. ಅದು ಮುಂದಿನ ವರ್ಷಕ್ಕೆ ಕೊಟ್ಟ ಗ್ಯಾರಂಟಿ ಚೀಟಿಯಲ್ಲ.

ಯಂತ್ರವೇ ಓದುವಾಗ ನರ್ಸ್ ಏಕೆ ಓದಬೇಕು?

ಈಗಿನ ಯಂತ್ರಗಳು ಕಾಗದದ ತಲೆಯಲ್ಲೇ ಅಭಿಪ್ರಾಯ ಮುದ್ರಿಸುತ್ತವೆ. ಅದರಾಚೆಗೂ ವ್ಯವಸ್ಥೆಗಳು ಬಂದಿವೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಿಂದ "ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ಸ್" ಹೆಸರಿನಲ್ಲಿ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ತೆಗೆದ ಇಸಿಜಿಯನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ತಜ್ಞರು ನೋಡುವಂತೆ ಮಾಡಿದ್ದಾರೆ. ಪುನೀತ್ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳನ್ನು ಜಯದೇವದಂಥ ದೊಡ್ಡ ಕೇಂದ್ರಗಳಿಗೆ ಜೋಡಿಸಲಾಗಿದೆ. ಅಲ್ಲಿ ತೆಗೆದ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ನಿಮಿಷಗಳಲ್ಲಿ ಓದಿ ತಿಳಿಸುತ್ತಾರೆ. ಹೃದಯಾಘಾತವೆಂದು ಖಚಿತವಾದರೆ, ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುತ್ತಾರೆ. ಇಂಥ ಜೋಡಣೆ ಫಲ ಕೊಡುತ್ತದೆ ಎಂಬುದಕ್ಕೆ ಪಕ್ಕದ ತಮಿಳುನಾಡಿನ ಅಧ್ಯಯನವಿದೆ. 2017ರಲ್ಲಿ ಪ್ರಕಟವಾದ, 2,420 ರೋಗಿಗಳ ಆ ಅಧ್ಯಯನದಲ್ಲಿ ಒಂದು ವರ್ಷದೊಳಗಿನ ಸಾವು ಶೇ 17.6ರಿಂದ 14.2ಕ್ಕೆ ಇಳಿಯಿತು.

ಹಾಗಾದರೆ ನರ್ಸ್ ಪಾತ್ರ ಮುಗಿಯಿತೇ? ಸರಪಳಿಯ ಒಂದೊಂದು ಕೊಂಡಿ ನೋಡಿ. ಹೊಟ್ಟೆ ಉರಿ, ಗ್ಯಾಸ್, ಬೆನ್ನುನೋವು ಎಂದು ಬಂದವರಿಗೂ ಇಸಿಜಿ ತೆಗೆಯೋಣ ಎಂದು ಹೊಳೆಯಬೇಕಾದದ್ದು ನರ್ಸ್‌ಗೆ. ತಂತಿ ಸರಿ ಕೂರಿಸುವುದು ಅವರೇ. ನೆಟ್‌ವರ್ಕ್ ಇಲ್ಲದಾಗ ಕೈಯಲ್ಲಿ ಉಳಿಯುವುದು ಕಾಗದವೇ. ಅಲುಗಾಟವನ್ನು ಲಯದೋಷವೆಂದು ಯಂತ್ರ ಹೇಳಿದಾಗ ಅನುಮಾನಿಸಬೇಕಾದವರೂ ಅವರೇ. ಚುಚ್ಚುಮದ್ದು ಕೊಟ್ಟ ಮೇಲೆ ಲಯ ಕೆಡಬಹುದು. ಆ ಗಂಟೆಗಳಲ್ಲಿ, ಬಳ್ಳಾರಿಗೆ ಹೊರಟ ಆಂಬ್ಯುಲೆನ್ಸ್‌ನಲ್ಲಿ, ಮಾನಿಟರ್ ಮುಂದೆ ಕೂತಿರುವುದು ತಜ್ಞರಲ್ಲ.

ಹೇಳುವ ರೀತಿಯೂ ಕಲಿಕೆಯ ಭಾಗ. "ಸರ್, ಇಸಿಜಿ ಯಾಕೋ ಸರಿ ಇಲ್ಲ" ಎಂಬ ಫೋನ್ ಕರೆಗೆ ಸಿಗುವ ಉತ್ತರ "ಬರ್ತೀನಿ ತಡೀರಿ". "ಸರ್, 55 ವರ್ಷದವರು, ಒಂದು ತಾಸಿಂದ ಎದಿನೋವು ಐತಿ, ಬೆವರ್ತಾ ಇದಾರ, ಬಿಪಿ 90 ಬೈ 60, ಎರಡು, ಮೂರು, ಎವಿಎಫ್‌ನಾಗ ಎಸ್‌ಟಿ ಎದ್ದೈತಿ, ಈಗಲೇ ಬರ್ರಿ" ಎಂದರೆ ಡಾಕ್ಟರ್ ಓಡಿ ಬರುತ್ತಾರೆ. ಎರಡನೇ ವಾಕ್ಯ ಹೇಳಲು ಧೈರ್ಯವೊಂದೇ ಸಾಲದು, ಓದಿದ್ದರ ಮೇಲೆ ನಂಬಿಕೆ ಬೇಕು.

ಕಲಿತದ್ದು ಉಳಿಯಬೇಕಾದರೆ

ಇಸಿಜಿ ಓದು ಯಾರಿಗೂ ಸುಲಭವಲ್ಲ. 78 ಅಧ್ಯಯನಗಳನ್ನು ಒಟ್ಟುಮಾಡಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಪರೀಕ್ಷೆಗೆ ಕೊಟ್ಟ ಇಸಿಜಿಗಳನ್ನು ಸರಿಯಾಗಿ ಓದಿದ ಪ್ರಮಾಣ ವೈದ್ಯ ವಿದ್ಯಾರ್ಥಿಗಳಲ್ಲಿ ಶೇ 42, ವೃತ್ತಿನಿರತ ವೈದ್ಯರಲ್ಲಿ ಶೇ 68.5, ಹೃದ್ರೋಗ ತಜ್ಞರಲ್ಲಿ ಶೇ 75ರ ಆಸುಪಾಸು. ತರಬೇತಿಯ ನಂತರ ಒಟ್ಟಾರೆ ಪ್ರಮಾಣ ಶೇ 54ರಿಂದ 67ಕ್ಕೆ ಏರಿತು. ಇದರಿಂದ ತಿಳಿಯುವುದು ಎರಡು. ತರಬೇತಿ ಫಲ ಕೊಡುತ್ತದೆ. ಆದರೆ ಒಂದು ತರಬೇತಿಗೆ ಎಲ್ಲವೂ ಮುಗಿಯುವುದಿಲ್ಲ. ಡಾಕ್ಟರ್‌ಗಳಿಗೇ ಹೀಗಿರುವಾಗ ನರ್ಸ್ ಎಡವಿದರೆ ಅದು ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಕೊರತೆ.

ಅಭ್ಯಾಸಕ್ಕೆ ದುಬಾರಿ ಕಾರ್ಯಾಗಾರವೇ ಬೇಕೆಂದಿಲ್ಲ. ವಾರ್ಡಿನಲ್ಲಿ ದಿನಕ್ಕೊಂದು ಪಟ್ಟಿ ಅಂಟಿಸಿ, ಹೆಸರು ಮುಚ್ಚಿ, ಐದು ಪ್ರಶ್ನೆಗಳಿಗೆ ಉತ್ತರ ಬರೆಸಬಹುದು. ಯಂತ್ರ ಮುದ್ರಿಸಿದ ಅಭಿಪ್ರಾಯವನ್ನು ಬೆರಳಲ್ಲಿ ಮುಚ್ಚಿಕೊಂಡು ಮೊದಲು ತಾವೇ ಓದಿ, ಆಮೇಲೆ ಹೋಲಿಸಬಹುದು. ದೊಡ್ಡಾಸ್ಪತ್ರೆಗೆ ಕಳಿಸಿದ ರೋಗಿಗೆ ಕೊನೆಗೆ ಏನಾಗಿತ್ತು ಎಂದು ಕಳಿಸಿದ ಸಿಸ್ಟರ್‌ಗೆ ಮರಳಿ ತಿಳಿಸುವುದು ಎಲ್ಲಕ್ಕಿಂತ ಮುಖ್ಯ. ತಮ್ಮ ಊಹೆ ಸರಿಯಾಯಿತೇ, ತಪ್ಪಾಯಿತೇ ಎಂದು ಎಂದೂ ಗೊತ್ತಾಗದಿದ್ದರೆ ಹತ್ತು ವರ್ಷದ ಅನುಭವವೂ ಒಂದೇ ವರ್ಷವನ್ನು ಹತ್ತು ಸಲ ಕಳೆದಂತೆ. ಹಾಗೆಯೇ ಇಡೀ ರಾತ್ರಿಗೆ ಒಬ್ಬರೇ ನರ್ಸ್ ಇರುವ ಕಡೆ ಎಷ್ಟು ಕಲಿಸಿದರೂ, ನೋಡಲು ಬಿಡುವೇ ಇರದಿದ್ದರೆ ಓದು ಕೆಲಸಕ್ಕೆ ಬಾರದು.

ನಾವು ನೆನಪಿಡಬೇಕಾದದ್ದು

ಎದೆ ಹಿಂಡಿದಂತೆ ನೋವು, ಅದು ತೋಳಿಗೋ ದವಡೆಗೋ ಹರಿಯುವುದು, ಕಾರಣವಿಲ್ಲದ ತಣ್ಣನೆ ಬೆವರು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು ಇದ್ದರೆ ಸೋಡಾ ಕುಡಿದು ಕಾಯಬೇಡಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವು ಇಷ್ಟು ಸ್ಪಷ್ಟವಾಗಿ ಇಲ್ಲದೆಯೂ ಇರಬಹುದು. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಹಳೆಯ ಇಸಿಜಿ ಇದ್ದರೆ ಜೊತೆಗೆ ಒಯ್ಯಿರಿ. ಹೊಸದನ್ನು ಹಳೆಯದರ ಪಕ್ಕ ಇಟ್ಟು ನೋಡಿದಾಗ ಬದಲಾವಣೆ ಬೇಗ ಕಾಣುತ್ತದೆ.

ಸಿಸ್ಟರ್ ತಂತಿ ಕೂರಿಸುವಾಗ ಸಂಕೋಚ ಬಿಟ್ಟು ಸಹಕರಿಸಿ, ಮಾತಾಡದೆ ಅಲುಗಾಡದೆ ಮಲಗಿ. ಕಾಗದ ನೋಡಿದವರೇ ಮತ್ತೊಮ್ಮೆ ತೆಗೆಯಬೇಕು ಎಂದರೆ, ಇವರಿಗೆ ಕೆಲಸ ಬರುವುದಿಲ್ಲ ಎಂದು ಗೊಣಗಬೇಡಿ. ಸಂದೇಹ ಬಂದದ್ದಕ್ಕೇ ಅವರು ಮತ್ತೆ ಕೇಳುತ್ತಿದ್ದಾರೆ. ಗೆರೆಯಲ್ಲಿ ಏನೋ ಸರಿಯಿಲ್ಲ ಎಂದು ಅನುಮಾನಿಸುವಷ್ಟು ಓದು ಅವರಲ್ಲಿದೆ ಎಂದು ಅದರರ್ಥ.